ತೂಬಿನ ಕಲ್ಲಿನ ಮೇಲಿನ ಬಳೆಗಳು

“ಬಳೆಗಳನ್ನು ತೆಗೆದಿಟ್ಟಳು ಎಂದು ಬರೆದಿದ್ದೀರಿ. ಹೇಗೆ ತೆಗೆದಳು?”

ವಿದ್ವಾನ್ ಜಯರಾಮಯ್ಯನವರು ಕಾಫಿಯ ಲೋಟವನ್ನು ಕೆಳಗಿಟ್ಟರು. ಮಧುಗಿರಿಯಲ್ಲಿ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವರು ಹೇಳುವುದು, ಊರು ತಲೆದೂಗುವುದು, ಇಷ್ಟೇ ರೂಢಿ.

“ಹೇಗೆ ಅಂದರೆ? ಕೈಯಿಂದ ತೆಗೆದಳಮ್ಮ.”

“ಗಾಜಿನ ಬಳೆ. ಎರಡೂ ಕೈಯದು. ಒಂದೂ ಒಡೆಯದೆ.”

“ಅದು ಕಾವ್ಯ. ಕಾವ್ಯವನ್ನು ಹಾಗೆಲ್ಲ ಕೇಳಬಾರದು.”

“ಬಂಡೆಹಳ್ಳಿ ಕೆರೆಯ ಹತ್ತಿರ ಸಿಕ್ಕಿದ್ದು ಕಾವ್ಯವಲ್ಲ. ಪೊಲೀಸರು ಅದನ್ನು ಬಟ್ಟೆಯಲ್ಲಿ ಕಟ್ಟಿ ಅರಗು ಒತ್ತಿದ್ದಾರೆ.”

ಹುಲಿಕುಂಟೆ ಹೋಬಳಿಯ ಬಂಡೆಹಳ್ಳಿ ಪಟೇಲ ದೊಡ್ಡರಂಗಪ್ಪನ ಸೊಸೆ ಹನುಮಕ್ಕ ಕಾಣೆಯಾಗಿದ್ದಳು. ಕೆರೆಯ ತೂಬಿನ ಕಲ್ಲಿನ ಮೇಲೆ ಹಸಿರು ಬಳೆಗಳು ಸಿಕ್ಕಿದ್ದವು. ಅವು ತನ್ನ ಹೆಂಡತಿಯವೇ ಎಂದು ಪಟೇಲನ ಮಗ ಗುರುತು ಹೇಳಿದ್ದ. ಶಿರಾದ ಬಳೆಗಾರ ನಬೀ ಸಾಬ್ ಅವಳ ಕಾಸಿನ ಸರಕ್ಕೆ ಆಸೆಪಟ್ಟು ಅವಳನ್ನು ಕೆರೆಗೆ ನೂಕಿದನೆಂಬ ಆರೋಪದ ಮೇಲೆ ಲಾಕಪ್ಪಿನಲ್ಲಿದ್ದ. ನಾಳೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವವರಿದ್ದರು.

ಹೆಣ ಸಿಕ್ಕಿರಲಿಲ್ಲ. ಯಾರೂ ಸರಿಯಾಗಿ ಹುಡುಕಿಯೂ ಇರಲಿಲ್ಲ. ಕೆರೆಯ ದೇವತೆ ತೂಬಿನಮ್ಮ ತೆಗೆದುಕೊಂಡ ಹೆಣ ಮೇಲೆ ಬರುವುದಿಲ್ಲವೆಂದು ಸಬ್ ಇನ್‌ಸ್ಪೆಕ್ಟರೇ ಹೇಳಿದ್ದರು. ಅವರು ಓದಿದವರು. ಆ ತೂಬಿನಮ್ಮನ ಮೇಲೆ ಜಯರಾಮಯ್ಯನವರು ಬರೆದ ನಾಟಕವನ್ನು ಮೂರು ಸಲ ನೋಡಿದವರು.

ನಬೀ ಸಾಬನ ಪರವಾಗಿ ನಿಂತವರು ವಕೀಲ ಮಹಾಲಿಂಗಯ್ಯ. ಕೋರ್ಟಿನಲ್ಲಿ ಮಾತು ಅವರದು, ಹೊರಗೆ ಪತ್ತೆ ಅವರ ಸೋದರಸೊಸೆ ಶಿವರುದ್ರಮ್ಮನದು. ಮೈಸೂರಿನಲ್ಲಿ ಎಂ.ಎ. ಮಾಡಿದವಳು. ಗಂಡ ಸತ್ತ ಮೇಲೆ ಈ ಸೋದರಮಾವನ ಮನೆಗೆ ಬಂದವಳು. ಊರಿನವರು ಅವಳನ್ನು ಕಂಡರೆ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಜಯರಾಮಯ್ಯನವರೂ ಈಗ ಅದನ್ನೇ ನೋಡಿದರು.

“ಬಳೆಯ ವಿಚಾರ ನಿನಗ್ಯಾಕಮ್ಮ?” ಎಂದರು, ಕನಿಕರದಿಂದ.

“ನನಗೇ ಚೆನ್ನಾಗಿ ಗೊತ್ತಿರುವುದು. ನನ್ನ ಬಳೆಗಳನ್ನು ಯಾರೂ ತೆಗೆದಿಡಲಿಲ್ಲ. ಕಲ್ಲು ತಂದರು.”

ಜಯರಾಮಯ್ಯನವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಮಧುಗಿರಿಯ ಬಂಡೆ ಬಿಸಿಲಿಗೆ ಬಿಳಿಚಿಕೊಂಡು ನಿಂತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುವುದು ಅನುಕೂಲವಾಗಿತ್ತು.

ಅಷ್ಟರಲ್ಲಿ ಅವರ ಹೆಂಡತಿ ಮಹಾಲಕ್ಷ್ಮಮ್ಮ ಚಕ್ಕುಲಿಯ ತಟ್ಟೆ ಹಿಡಿದು ಬಂದರು. ಎರಡೂ ಕೈ ತುಂಬ ಬಳೆ.

“ಅಮ್ಮಾ, ಒಂದು ಉಪಕಾರ. ನಿಮ್ಮ ಬಳೆಗಳನ್ನು ಬಿಚ್ಚಿ ಈ ಮೇಜಿನ ಮೇಲೆ ಇಡುತ್ತೀರಾ?”

ಮಹಾಲಕ್ಷ್ಮಮ್ಮ ತಟ್ಟೆಯನ್ನು ಎದೆಗೆ ಒತ್ತಿಕೊಂಡರು. “ಬಿಡ್ತು ಅನ್ನು. ಏನು ಮಾತು ಅಂತ ಆಡ್ತೀಯೇ?”

“ಬಿಚ್ಚಲು ಬರುತ್ತದೆಯೋ ಇಲ್ಲವೋ, ಅಷ್ಟು ಹೇಳಿ.”

“ಎಲ್ಲಿಂದ ಬರುತ್ತೆ? ತೊಡಿಸುವಾಗಲೇ ಬಳೆಗಾರ ಕೈ ಹಿಂಡಿ ಹಿಪ್ಪೆ ಮಾಡಿರ್ತಾನೆ. ಎಣ್ಣೆ ಹಚ್ಚಿ ಎಳೆದ್ರೆ ಒಂದೋ ಎರಡೋ ಬಂದಾವು. ಬಂದ್ರೂ ಪೂರ್ತಿ ಯಾರು ತೆಗೀತಾರೆ? ಹೊಸದು ತೊಡುವಾಗಲೂ ಹಳೇದು ಒಂದು ಉಳಿಸ್ಕೊಂಡೇ ತೊಡೋದು. ಮುತ್ತೈದೆ ಸಾಯೋಕೆ ಹೋದ್ರೂ ಬಳೆ ತೊಟ್ಟೇ ಹೋಗ್ತಾಳೆ.”

“ನಿಮ್ಮ ಯಜಮಾನರು ಬರೆದಿದ್ದಾರೆ, ತೆಗೆದಿಟ್ಟು ಹೋದಳು ಅಂತ.”

ಮಹಾಲಕ್ಷ್ಮಮ್ಮ ಗಂಡನ ಕಡೆ ನೋಡಿದರು. ಅವರಿಗೆ ಹೊಸದೇನೂ ಕಾಣಲಿಲ್ಲ.

“ಅವರು ನೋಡಿದ್ದು ನಾಟಕದ ಸ್ತ್ರೀ ಪಾರ್ಟಿನವನ ಕೈ. ನನ್ನ ಕೈ ಎಲ್ಲಿ ನೋಡಿದಾರೆ?” ಎಂದು ಚಕ್ಕುಲಿ ಇಟ್ಟು ಒಳಗೆ ಹೋದರು.

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿದ್ವಾಂಸರ ಮಾತು ಸೋತ ಮೇಲೆಯೇ ಶುರುವಾಗುವುದು.

“ನೋಡಮ್ಮ, ನಾನು ಸಂಗ್ರಾಹಕ. ನಾನೂರು ವರ್ಷದಿಂದ ಜನ ಹಾಡಿಕೊಂಡು ಬಂದ ಕಥೆ. ಅವರ ಬಾಯಲ್ಲಿ ಇದ್ದದ್ದನ್ನು ಹಾಗೇ ಇಳಿಸಿಕೊಂಡಿದ್ದೇನೆ. ಮುನ್ನುಡಿಯಲ್ಲಿ ಹೇಳಿದ್ದೇನಲ್ಲ?”

ಮುನ್ನುಡಿಯನ್ನು ಅವಳು ಓದಿದ್ದಳು. ‘ಹಸಿರು ಬಳೆಯ ಬಲಿ’ ಐವತ್ತೆರಡರಲ್ಲಿ ನಾಟಕವಾಗಿ ಹೊರಟಿತ್ತು. ಶಿರಾ, ಕೊರಟಗೆರೆ, ಪಾವಗಡ ಸುತ್ತಿ ಬಂದಿತ್ತು. ಐವತ್ತೆಂಟಕ್ಕೆ ಅದೇ ನಾಟಕ ಪದ್ಯದ ಬಟ್ಟೆ ತೊಟ್ಟು ಪ್ರಾಚೀನ ಲಾವಣಿಯಾಗಿ ಅಚ್ಚಾಗಿತ್ತು. ಆರು ವರ್ಷದಲ್ಲಿ ನಾನೂರು ವರ್ಷ ವಯಸ್ಸಾದದ್ದು ಈ ಸೀಮೆಯಲ್ಲಿ ಅದೊಂದೇ.

ಅದರಲ್ಲಿ ಬಳೆಗಾರ ಖಳ. ಮಾತಿನಲ್ಲಿ ಮರುಳು ಮಾಡಿ, ಒಡವೆ ಕಸಿದು, ಹೆಣ್ಣನ್ನು ಮಡುವಿಗೆ ನೂಕುತ್ತಾನೆ. ಅವಳು ಅದಕ್ಕೆ ಮೊದಲು ಬಳೆಗಳನ್ನು ಬಿಚ್ಚಿ ತೂಬಿನ ಕಲ್ಲಿನ ಮೇಲಿಟ್ಟು ಒಂದು ದೀರ್ಘವಾದ ಹಾಡು ಹಾಡುತ್ತಾಳೆ. ಕೊಲೆಗಾರ ಹಾಡು ಮುಗಿಯುವವರೆಗೆ ಕಾಯುತ್ತಾನೆ.

“ನಬೀ ಸಾಬ್ ಬೇರೆ ಕಥೆ ಹೇಳಿದ,” ಎಂದಳು ಶಿವರುದ್ರಮ್ಮ.

“ಹೇಳದೆ ಇರ್ತಾನೆಯೇ? ಕುತ್ತಿಗೆಗೆ ಬಂದಿದೆ.”

ಅವಳು ಬೆಳಿಗ್ಗೆ ಲಾಕಪ್ಪಿಗೆ ಹೋಗಿದ್ದಳು. ನಬೀ ಸಾಬ್ ಕಂಬಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಬಳೆಗಾರನ ಕೈ. ಮೆತ್ತಗೆ, ಉಗುರು ಗಿಡ್ಡ, ಗಾಜು ಕೊಯ್ದ ಹಳೆಯ ಗೆರೆಗಳು.

“ಹಳೇ ಹಾಡಲ್ಲಿ ಕೊಲೆನೇ ಇಲ್ಲ ಅಮ್ಮಾ,” ಎಂದಿದ್ದ. “ಏರಿ ಮೇಲೆ ಒಂದು ಹುಡುಗಿ ನಮ್ಮ ಮುತ್ತಾತನ ಹತ್ರ ಬಳೆ ತೊಟ್ಕೊಂತಾಳೆ. ದುಡ್ಡು ನಮ್ಮಪ್ಪ ಪಟೇಲರ ಹತ್ರ ಇಸ್ಕೊ ಅಂತಾಳೆ. ಪಟೇಲ ನಂಗೆ ಮಗಳೇ ಇಲ್ಲ ಅಂತಾನೆ. ಎಲ್ಲಾರೂ ಕೆರೆ ಹತ್ರ ಬಂದ್ರೆ ನೀರೊಳಗಿಂದ ಕೈ ಮೇಲೆ ಬರುತ್ತೆ. ಕೈಯಲ್ಲಿ ಬಳೆ. ಅಷ್ಟೇ ಕಿಸ್ಸಾ. ಅದಕ್ಕೇ ವರ್ಷಾವರ್ಷ ತೂಬಿನಮ್ಮಂಗೆ ಮೊದಲ ಬಳೆ ನಮ್ಮ ಮನೇದು. ನಮ್ಮ ಅಬ್ಬಾ ಬಿಡ್ತಿದ್ರು. ಈಗ ನಾನು ಬಿಡ್ತೀನಿ.”

“ತೂಬಿನ ಕಲ್ಲಿನ ಮೇಲೆ ಇಡುತ್ತೀಯಾ?”

“ಇಲ್ಲ ಅಮ್ಮಾ, ನೀರಿಗೆ ಬಿಡ್ತೀನಿ. ಅವಳು ಇರೋದು ನೀರಲ್ಲಲ್ವಾ? ಕಲ್ಲಿನ ಮೇಲೆ ಇಟ್ರೆ ಯಾರು ತೊಡ್ತಾರೆ, ಕಪ್ಪೆನಾ?”

ಹನುಮಕ್ಕ ಕಾಣೆಯಾದ ದಿನ ಅವನು ಕೆರೆಯ ಹತ್ತಿರ ಹೋದದ್ದು ಅದಕ್ಕೇ. ಹೋದದ್ದನ್ನು ಊರೆಲ್ಲ ನೋಡಿತ್ತು. ಪ್ರತಿ ವರ್ಷವೂ ನೋಡಿತ್ತು. ಈ ವರ್ಷ ಮಾತ್ರ ಅದು ಸಾಕ್ಷಿಯಾಯಿತು.

“ನಾಟಕ ನಾನೂ ನೋಡ್ದೆ ಅಮ್ಮಾ, ಶಿರಾದಲ್ಲಿ,” ಎಂದು ಅವನು ಮೆಲ್ಲಗೆ ನಕ್ಕಿದ್ದ. “ನನ್ನ ಪಾರ್ಟು ಮಾಡ್ದೋನು ಬಹಳ ಚೆನ್ನಾಗಿ ಮಾಡ್ದ. ನಾನೇ ಅವನ್ನ ಬೈದ್ಬುಟ್ಟೆ. ಮಾರನೇ ದಿನ ಹಳ್ಳಿಗೆ ಬಳೆ ಮಲಾರ ಹೊತ್ಕೊಂಡು ಹೋದ್ರೆ ಒಬ್ಬಳೂ ಕೈ ಚಾಚಲಿಲ್ಲ.”

ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಜಯರಾಮಯ್ಯನವರು ಚಕ್ಕುಲಿ ಮುರಿದರು.

“ಆ ಹಾಡು ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ನೀರು, ಕೈ, ಬಳೆ. ಅದರಲ್ಲಿ ಏನಿದೆಯಮ್ಮ? ಖಳನೇ ಇಲ್ಲ. ಖಳನಿಲ್ಲದ ನಾಟಕಕ್ಕೆ ಯಾರು ಬರ್ತಾರೆ? ಇನ್ನು ನೀರಿನಿಂದ ಕೈ ಎಬ್ಬಿಸೋದು! ಪರದೆ ಮೇಲೆ ಬರೆದ ಕೆರೆಯಿಂದ ಕೈ ಹೇಗೆ ಎಬ್ಬಿಸಲಿ? ಅದಕ್ಕೇ ಬಳೆಯನ್ನು ಕಲ್ಲಿನ ಮೇಲೆ ಇಡಿಸಿದೆ. ಲೈಟು ಬಿದ್ದರೆ ಹೊಳೀತಿತ್ತು. ಹೆಂಗಸರು ಗೋಳೋ ಅಂತಿದ್ದರು.”

“ಹಾಗಾದರೆ ಇಡಿಸಿದ್ದು ನೀವು.”

ಜಯರಾಮಯ್ಯನವರ ಬಾಯಿಯಲ್ಲಿ ಚಕ್ಕುಲಿ ನಿಂತಿತು.

“ತೂಬಿನ ಕಲ್ಲು ನಿಮ್ಮದು. ಬಿಚ್ಚಿದ ಬಳೆ ನಿಮ್ಮದು. ಕೊಲ್ಲುವ ಬಳೆಗಾರ ನಿಮ್ಮವನು. ಹನುಮಕ್ಕನ ಹೆಸರಿನಲ್ಲಿ ಅಲ್ಲಿ ಬಳೆ ಇಟ್ಟವನು ಯಾರೋ, ಅವನಿಗೆ ಹೆಂಗಸರ ಕೈ ಗೊತ್ತಿಲ್ಲ, ಹಳೆಯ ಹಾಡೂ ಗೊತ್ತಿಲ್ಲ. ನಿಮ್ಮ ನಾಟಕ ಗೊತ್ತು. ಅಂಗಡಿಯಿಂದ ಹೊಸ ಬಳೆ ತಂದು ನಿಮ್ಮ ರಂಗಸೂಚನೆಯ ಪ್ರಕಾರ ಜೋಡಿಸಿದ್ದಾನೆ. ಬಳೆಗಾರನಿಗೆ ಇದು ಸಾಧ್ಯವೇ ಇಲ್ಲ. ತೊಡಿಸಿದ ಬಳೆ ಬಿಚ್ಚಲು ಬಾರದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ಹೇಳಿದ್ದನ್ನು ನಾಳೆ ಕೋರ್ಟಿನಲ್ಲಿ ಹೇಳಿ. ಅಷ್ಟು ಸಾಕು.”

“ನಾಳೆ?”

“ನಾಳೆ.”

“ನಾಳೆ ಸಂಜೆ ನನಗೆ ಸನ್ಮಾನವಮ್ಮ. ಬೆಂಗಳೂರಿನಿಂದ ಬಹುಮಾನ ಸಮಿತಿಯವರು ಬರ್ತಾ ಇದ್ದಾರೆ. ಬೆಳಿಗ್ಗೆ ಕಟಕಟೆ ಹತ್ತಿ ‘ನಾನೇ ಕಟ್ಟಿದ್ದು’ ಅಂದರೆ ಸಂಜೆ ಯಾವ ಮುಖ ಇಟ್ಟುಕೊಂಡು ಶಾಲು ಹೊದೆಯಲಿ?”

“ಅದೇ ಮುಖ. ಹೇಗೂ ಅಭ್ಯಾಸವಿದೆ.”

ಅವರು ಸಿಟ್ಟಾಗಲಿಲ್ಲ. ಸಿಟ್ಟಿಗೆ ಸ್ವಲ್ಪ ಮಾನ ಬೇಕು. ಅವರು ನಸುನಕ್ಕರು.

“ನಿನಗೆ ಸಾಹಿತ್ಯದ ಮರ್ಮ ತಿಳಿಯದು. ಇವತ್ತು ಹಳ್ಳಿಹಳ್ಳಿಯಲ್ಲಿ ಜನ ಹಾಡೋದು ನನ್ನ ಪಾಠವನ್ನೇ. ಜನ ಹಾಡಿದ ಮೇಲೆ ಅದು ಜನಪದ. ಯಾರು ಕಟ್ಟಿದರು ಅನ್ನೋದು ಯಾರಿಗೆ ಬೇಕು?”

“ಹಾಗಾದರೆ ಪುಸ್ತಕದ ಮೇಲೆ ನಿಮ್ಮ ಹೆಸರೇಕೆ?”

“ಅದು ಬೇರೆ.”

“ಬೇರೆಯೇ. ಬಹುಮಾನ ಬಂದರೆ ನಿಮ್ಮದು, ನೇಣು ಬಂದರೆ ಜನಪದದ್ದು.”

ಜಯರಾಮಯ್ಯನವರು ಎದ್ದರು. ಪಡಸಾಲೆಯ ಬಾಗಿಲು ತೆರೆದು ಕೂಗಿದರು.

“ಓಬಳಮ್ಮಾ! ಬಾ ಇಲ್ಲಿ. ಈ ಓದಿದ ತಾಯಿಗೆ ತೂಬಿನಮ್ಮನ ಪದ ಕೇಳಿಸು.”

ಜಗಲಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಹುಲಿಕುಂಟೆಯ ಓಬಳಮ್ಮ. ನಾಳೆ ಸಮಿತಿಯವರ ಮುಂದೆ ಹಾಡಿಸಲು ಇವತ್ತೇ ಕರೆಸಿದ್ದರು. ಎಲೆಯಡಿಕೆ ಉಗಿದು ಬಂದು, ಕಂಬಕ್ಕೆ ಒರಗಿ ನೆಲದ ಮೇಲೆ ಕೂತಳು.

“ಎಷ್ಟು ವರ್ಷದ ಹಾಡು ಇದು?” ಎಂದು ಜಯರಾಮಯ್ಯನವರು ಕೇಳಿದರು, ಶಾಲೆಯ ತನಿಖೆಗೆ ಬಂದವರ ಹಾಗೆ.

“ನಮ್ಮಜ್ಜಿ ಅಜ್ಜಿ ಕಾಲದ್ದು ಸ್ವಾಮಿ.”

“ಕೇಳಿದೆಯಾ?”

“ಹಾಡಲಿ,” ಎಂದಳು ಶಿವರುದ್ರಮ್ಮ.

ಮುದುಕಿ ಕಿವಿಗೆ ಕೈ ಕೊಟ್ಟು ಹಾಡಿದಳು. ಗಂಟಲು ಒಡೆದಿದ್ದರೂ ಸ್ವರ ನೆಟ್ಟಗಿತ್ತು.

*ಬಣ್ಣದ ಬಳೆಗಾರ ಬಲು ಮಾತುಗಾರ*
*ಕಣ್ಣಾಗೆ ಕರುಣಿಲ್ಲ ಕೇಳೆ ತಂಗಿ*
*ಬೆಣ್ಣೆಯ ಕೈ ಹಿಡಿದು ಮಡುವೀಗೆ ನೂಕ್ಬುಟ್ಟ*

ಜಯರಾಮಯ್ಯನವರು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ತಾವು ಬರೆದದ್ದನ್ನು ಮುದುಕಿಯ ಅಜ್ಜಿಯ ಅಜ್ಜಿ ಹಾಡುವುದನ್ನು ಕೇಳುವ ಭಾಗ್ಯ ಎಲ್ಲ ಕವಿಗಳಿಗೂ ಇರುವುದಿಲ್ಲ.

ಹಾಡು ತೂಬಿನ ಕಲ್ಲಿಗೆ ಬಂತು, ಬಳೆಗೆ ಬಂತು, ನೀರಿಗೆ ಬಂತು.

“ಸಾಕು,” ಎಂದರು ಅವರು. “ಅಲ್ಲಿಗೆ ಮುಗಿಯಿತು.”

“ಇನ್ನೂ ಐತೆ ಸ್ವಾಮಿ.”

“ಇಲ್ಲ, ಇಲ್ಲ. ಪುಸ್ತಕದಲ್ಲಿ ಅಲ್ಲಿಗೇ ಮಂಗಳ.”

“ಪುಸ್ತಕ ನಂಗೇನ್ ಗೊತ್ತು? ಪದ ಇನ್ನೂ ಐತೆ.”

ಕೇಳುವವರ ಅಪ್ಪಣೆಗೆ ಕಾಯದೆ ಅವಳು ಮುಂದುವರಿಸಿದಳು.

*ಬಳೆಯ ತೊಡಿಸಿದ ಕೈಗೆ ಪಾಪ ಅಂಟಲಿಲ್ಲ*
*ಬಳೆಯ ಒಡೆದ ಕೈಯ ನೋಡಿರವ್ವ*
*ತಾಳಿಯ ಕಟ್ಟಿದ ಕೈಯೇ ಕಲ್ಲೊಂದ ತಂದೈತೆ*

ತಾಳ ನಿಂತಿತು.

ಮೇಲಿನ ಪದದಲ್ಲಿ ಕೊಂದವನು ಬಳೆಗಾರ. ಕೆಳಗಿನದರಲ್ಲಿ ಅವನು ನಿರಪರಾಧಿ. ಓಬಳಮ್ಮನಿಗೆ ಎರಡೂ ನಿಜ. ದೇವರ ಪದದಲ್ಲಿ ತಪ್ಪು ಹುಡುಕುವುದು ಅವಳ ಕೆಲಸವಾಗಿರಲಿಲ್ಲ.

“ಇದು ನೀವು ಬರೆದದ್ದೇ?” ಎಂದು ಶಿವರುದ್ರಮ್ಮ ಕೇಳಿದಳು.

“ನಾನಲ್ಲ,” ಎಂದರು ಜಯರಾಮಯ್ಯ. ಅವತ್ತು ಅವರು ಆಡಿದ ಮೊದಲ ನೇರ ಮಾತು.

ಅವಳು ಮುದುಕಿಯ ಎದುರಿಗೆ ನೆಲದ ಮೇಲೆ ಕೂತಳು.

“ಅಜ್ಜಿ, ಈ ಕೊನೆಯ ಸಾಲು ನಿಮಗೆ ಯಾರು ಹೇಳಿಕೊಟ್ಟರು?”

“ಆಯಮ್ಮನೇ ಕಣವ್ವ.”

“ಯಾವ ಅಮ್ಮ?”

“ತೂಬಿನಮ್ಮ. ಇನ್ಯಾರು?” ಓಬಳಮ್ಮ ಸುತ್ತ ನೋಡಿ ದನಿ ಇಳಿಸಿದಳು. “ನಮ್ಮ ದಾಸಮ್ಮನ್ನ ಪಾವಗಡದ ಕಡೀಕೆ ಕೊಟ್ಟೈತಲ್ಲ, ಮಗಳ ಮನೇಗೆ ವಾಗಿದ್ದೆ ಹೋದ ವಾರ. ಊರಾಚೆ ಹುಣಿಸೆ ತೋಪ್ನಾಗೆ ಒಂದು ಹಾಳು ಮಂಟಪ ಐತೆ. ಬಿಸಿಲು ಅಂತ ಕುಂತ್ಕೊಂಡೆ. ಕುಂತು ಈ ಪದಾನೇ ಗುನುಗ್ತಾ ಇದ್ದೆ. ಒಳಗಿಂದ ಎದ್ದು ಬಂದ್ಲು. ನೀಳ್ಳು ಇಯ್ಯಮ್ಮಾ ಅಂದ್ಲು. ಚೆಂಬು ಕೊಟ್ಟೆ, ಗಟಗಟ ಕುಡುದ್ಲು. ಆಮೇಲೆ, ನಿನ್ನ ಪದ ಅಲ್ಲಿಗೆ ನಿಲ್ಸಬೇಡ ಅಜ್ಜಿ, ಮುಂದೆ ಇಂಗೆ ಐತೆ ಅಂತ ಹೇಳ್ಕೊಟ್ಲು. ಬಾಯಿಗೆ ಬರೋ ಗಂಟ ಬುಡಲಿಲ್ಲ.”

ಹನುಮಕ್ಕನ ತವರು ಪಾವಗಡದ ಕಡೆ. ಮನೆಮಾತು ತೆಲುಗು. ಪೊಲೀಸರು ತವರಿಗೆ ಒಂದು ಸಲ ಹೋಗಿ, ಮಜ್ಜಿಗೆ ಕುಡಿದು ಬಂದಿದ್ದರು.

“ಶಿರಾ ಸೀಮೆಯ ದೇವತೆ ತೆಲುಗಿನಲ್ಲಿ ನೀರು ಕೇಳಿದಳೇ ಅಜ್ಜಿ?”

“ದೇವ್ರಿಗೆ ಯಾವ ಬಾಸೆ ಬರಲ್ಲ ಹೇಳು?”

“ಅವಳ ಕೈ ನೋಡಿದಿರಾ?”

“ನೋಡ್ದೆ ಕಣವ್ವ, ಅದಕ್ಕೇ ಗೊತ್ತಾಗಿದ್ದು! ಕೊಳ್ಳಾಗೆ ತಾಳಿ ಐತೆ, ಹಣೇ ಮ್ಯಾಲೆ ಕುಂಕುಮ ಐತೆ, ಕೈ ಎರಡೂ ಬೋಳು. ಮಣಿಕಟ್ಟಿನ ತುಂಬ ಗಾಯ, ಗಾಜು ನಾಟಿರೋ ಅಂಗೆ. ನಂಗೆ ಮೈ ಜುಮ್ಮಂತು. ಬಳೆ ತೂಬಿನ ಕಲ್ಲ ಮ್ಯಾಲೆ ಇಟ್ಟು ನೀರಿಗೆ ಇಳ್ದೋಳು ಅಲ್ವಾ? ಕೈಯಾಗೆ ಎಲ್ಲಿಂದ ಬರ್ತಾವೆ?”

ಶಿವರುದ್ರಮ್ಮ ಲೆಕ್ಕ ಹಾಕಿದಳು. ಗಂಡ ಬದುಕಿರುವಾಗ ಹೆಂಡತಿಯ ಬಳೆಯನ್ನು ಕಲ್ಲಿನಿಂದ ಒಡೆದಿದ್ದಾರೆ. ಒಡೆದವರು ಅಲ್ಲಿಗೆ ನಿಲ್ಲಿಸಬೇಕೆಂದಿರಲಿಲ್ಲ. ಅವಳು ಹೇಗೋ ಕೈ ತಪ್ಪಿಸಿಕೊಂಡಿದ್ದಾಳೆ. ಅವಳು ತಿರುಗಿ ಬರುವಷ್ಟರಲ್ಲಿ ಸತ್ತವಳಾಗಿರಬೇಕೆಂದು ಬಳೆ ಜೋಡಿಸಿಟ್ಟಿದ್ದಾರೆ. ಕೊಂದವನು ಯಾರೆಂದು ಬೇರೆ ಹೇಳಬೇಕಾಗಿರಲಿಲ್ಲ. ಅದನ್ನು ಜಯರಾಮಯ್ಯನವರು ಊರೂರಿಗೆ ಟಿಕೆಟ್ಟು ಕೊಟ್ಟು ಆಗಲೇ ಹೇಳಿದ್ದರು.

ಹನುಮಕ್ಕ ಬದುಕಿದ್ದಳು. ಕಂಡವಳು ಎದುರಿಗೆ ಕೂತಿದ್ದಳು.

“ಅಜ್ಜಿ, ನಾಳೆ ಕೋರ್ಟಿಗೆ ಬಂದು ಇಷ್ಟನ್ನೇ ಹೇಳುತ್ತೀರಾ? ಒಬ್ಬ ಹೆಂಗಸನ್ನು ಕಂಡೆ, ನೀರು ಕೊಟ್ಟೆ ಎಂದು?”

“ಹೆಂಗಸು ಯಾಕಂತೀನಿ? ಬಾಯಿ ಸೇದೋಗಲ್ವಾ? ತೂಬಿನಮ್ಮನ್ನ ಕಂಡೆ ಅಂತ ಎಲ್ಲಿ ಬೇಕಾದ್ರೂ ಆಣೆ ಇಕ್ತೀನಿ.”

“ಅವಳು ಬದುಕಿರುವ ಹೆಂಗಸು.”

“ಏನು ಹುಡುಗಿ ನೀನು! ಸಾಯ್ದೆ ಯಾರಾನಾ ದೇವ್ರಾಗ್ತಾರಾ?”

ಜಯರಾಮಯ್ಯನವರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ಮುಖ ಬೆಳಗುತ್ತಿತ್ತು.

“ಅದ್ಭುತ! ದೇವಿ ಪ್ರತ್ಯಕ್ಷಳಾಗಿ ತನ್ನ ಕಾವ್ಯಕ್ಕೆ ತಾನೇ ಸಾಲು ಸೇರಿಸಿದಳು! ಎರಡನೇ ಮುದ್ರಣಕ್ಕೆ ಇದು ಹೋಗಲೇಬೇಕು. ನಾಳೆ ವೇದಿಕೆಯ ಮೇಲೆ ನಾನೇ ಹೇಳ್ತೀನಿ.”

“ಅರ್ಥ ಗೊತ್ತಾಯಿತೇ ನಿಮಗೆ, ಆ ಸಾಲಿನದು?”

“ಕೊನೆಯ ಪಾದದಲ್ಲಿ ಛಂದಸ್ಸು ಸ್ವಲ್ಪ ಎಡವಿದೆ. ತಿದ್ದಿಕೊಳ್ತೀನಿ.”

ಅವಳು ಅವರನ್ನು ಒಂದು ಕ್ಷಣ ನೋಡಿದಳು, ಚಪ್ಪಲಿಗೆ ಅಂಟಿದ್ದನ್ನು ನೋಡುವ ಹಾಗೆ. ಆಮೇಲೆ ಮುದುಕಿಯ ಕಡೆ ತಿರುಗಿದಳು. ಪಾವಗಡದ ಬಸ್ಸು ಮಧ್ಯಾಹ್ನಕ್ಕೆ ಒಂದಿತ್ತು. ಮಾವನಿಗೆ ಹೇಳಿ ಕಳಿಸಿ, ಅದನ್ನು ಹಿಡಿದರೆ ಕತ್ತಲಾಗುವ ಮೊದಲು ಮಂಟಪ ಮುಟ್ಟಬಹುದು. ಹನುಮಕ್ಕನನ್ನೇ ಕೋರ್ಟಿಗೆ ತಂದು ನಿಲ್ಲಿಸಿದರೆ ಯಾವ ವಿದ್ವಾಂಸನೂ ಬೇಕಿಲ್ಲ.

“ಆ ತೋಪು ಯಾವ ಊರಿನದು ಅಜ್ಜಿ? ಸರಿಯಾಗಿ ಹೇಳಿ.”

ಓಬಳಮ್ಮ ಹೇಳಿದಳು. ದಾರಿ, ಹಳ್ಳ, ಹುಣಿಸೆ ಮರ, ಎಲ್ಲ ಹೇಳಿದಳು. ತಡೆಯಿಲ್ಲದೆ ಹೇಳಿದಳು, ಆಗಲೇ ಒಮ್ಮೆ ಯಾರಿಗೋ ಹೇಳಿ ರೂಢಿಯಾದವರ ಹಾಗೆ.

ಶಿವರುದ್ರಮ್ಮನಿಗೆ ಅದು ತಿಳಿಯಿತು. ಏಳುತ್ತಿದ್ದವಳು ನಿಂತಳು.

“ಇದನ್ನು ಇನ್ನು ಯಾರಿಗೆ ಹೇಳಿದಿರಿ?”

“ಯಾರಿಗೆ ಹೇಳ್ಬೇಕೋ ಅವರಿಗೇ. ಬಂಡೆಹಳ್ಳಿ ಪಟೇಲ್ರಿಗೆ. ನಿಮ್ಮ ಮನೆ ಸೊಸೆ ನೀರಾಗೆ ಸತ್ತು ಆಯಮ್ಮನೇ ಆಗವ್ಳೆ, ಮಂಟಪದಾಗೆ ಅವ್ಳೆ, ಒಂದು ಗುಡಿ ಕಟ್ಸಿ ಸ್ವಾಮಿ ಅಂದೆ. ದೊಡ್ಡರಂಗಪ್ಪ ಪುಣ್ಯಾತ್ಮ, ಕಣ್ಣೀರಾಕ್ಬುಟ್ಟ. ಇವತ್ತು ಬೆಳಿಗ್ಗೆನೇ ಗಾಡಿ ಕಟ್ಟುದ್ರು, ಅಪ್ಪ ಮಗ ಇಬ್ರೇ. ನನ್ನೂ ಕೂರುಸ್ಕೊಂಡು ಬಸ್ಸಿಗೆ ಹತ್ಸಿ ಅತ್ಲಾಗೆ ವಾದ್ರು.”

“ಪೂಜೆಗೆ ಏನೇನು ತೆಗೆದುಕೊಂಡು ಹೋದರು ಅಜ್ಜಿ?”

ಓಬಳಮ್ಮ ನೆನಪು ಮಾಡಿಕೊಂಡಳು.

“ಹಣ್ಣು ಕಾಯಿ ಕಾಣ್ಲಿಲ್ಲ ಕಣವ್ವ. ಹುಲ್ಲಿನ ಕೆಳಗೆ ಹಾರೆ, ಗುದ್ದಲಿ ಇದ್ದೋ. ಗುಡಿಗೆ ಪಾಯ ತೆಗೀತಾರೇನೋ.”